ಸಾಕುಪ್ರಾಣಿ ಪಾಸ್‌ಪೋರ್ಟ್

ನಾಯಿ, ಬೆಕ್ಕು, ಫೆರೆಟ್‌ಗಳನ್ನು ದೇಶದಿಂದ ದೇಶಕ್ಕೆ ಕರೆದೊಯ್ಯುವಾಗ ಗಡಿಯಲ್ಲಿ ತೋರಿಸುವ ಪಶುವೈದ್ಯಕೀಯ ದಾಖಲೆ. ಐರೋಪ್ಯ ಒಕ್ಕೂಟದ ನೀಲಿ ಕಿರುಹೊತ್ತಿಗೆ ಇದರ ಹೆಸರಾಂತ ರೂಪ. ಇದನ್ನು ಹುಟ್ಟಿಸಿದ್ದು ರೇಬೀಸ್ ಭಯ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ. ಸೋಂಕು ತಗುಲಿದ ನಾಯಿ ತಿಂಗಳುಗಟ್ಟಲೆ ಆರೋಗ್ಯವಾಗಿಯೇ ಓಡಾಡಿಕೊಂಡಿರಬಹುದು. ಹಾಗಾಗಿ ಗಡಿಯಲ್ಲಿ ಪ್ರಾಣಿಯನ್ನು ಕಣ್ಣಲ್ಲಿ ನೋಡಿದರೆ ಸಾಲದು.

ದ್ವೀಪವಾದ ಬ್ರಿಟನ್ ಮೊದಲು ನಂಬಿದ್ದು ಕ್ವಾರಂಟೈನನ್ನು. ಹೊರಗಿನಿಂದ ಬಂದ ನಾಯಿಗಳನ್ನು ಪ್ರತ್ಯೇಕವಾಗಿಡುವ ಆದೇಶ 1897ರಲ್ಲಿ ಬಂತು. ಮುಂದೆ ಆ ಅವಧಿ ಆರು ತಿಂಗಳೆಂದು ನೆಲೆನಿಂತಿತು. 1902ಕ್ಕೆ ದೇಶ ರೇಬೀಸ್‌ಮುಕ್ತವಾಯಿತು. 1918ರಲ್ಲಿ ಯುದ್ಧದಿಂದ ಮರಳಿದ ಸೈನಿಕರು ಕದ್ದು ತಂದ ನಾಯಿಗಳೊಂದಿಗೆ ರೋಗ ಮತ್ತೆ ಕಾಲಿಟ್ಟಿತು. ಅದನ್ನು ಅಡಗಿಸಲು 1922ರವರೆಗೆ ಹಿಡಿಯಿತು. 1969ರಲ್ಲಿ ಜರ್ಮನಿಯಿಂದ ಬಂದ ಫ್ರಿಟ್ಜ್ ಎಂಬ ನಾಯಿ ಆರು ತಿಂಗಳ ಕ್ವಾರಂಟೈನ್ ಮುಗಿಸಿ ಕ್ಯಾಂಬರ್ಲಿಯ ಮನೆ ಸೇರಿದ ಕೆಲವೇ ದಿನಗಳಲ್ಲಿ ರೇಬೀಸ್‌ಗೆ ತುತ್ತಾಯಿತು. ಕಾಯಿಸುವುದೊಂದೇ ಪೂರ್ಣ ಭರವಸೆಯಲ್ಲ ಎಂಬುದು ಆಗಲೇ ತಿಳಿಯಬೇಕಿತ್ತು. ಆದರೆ ನಿಯಮ ಇನ್ನಷ್ಟು ಬಿಗಿಯಾಯಿತು. ಅಂಧರಿಗೆ ದಾರಿ ತೋರುವ ನಾಯಿಗಳಿಗೂ ವಿನಾಯಿತಿ ಇರಲಿಲ್ಲ. ಇದು ಎರಡೂ ಜೀವಗಳಿಗೆ ಆದ ಅನ್ಯಾಯವೇ ಸರಿ.

ಬದಲಾವಣೆಗೆ ದಾರಿಯಾದದ್ದು ಕಾಡಿನಲ್ಲಿ. ಯುರೋಪಿನಲ್ಲಿ ರೋಗ ಹರಡುತ್ತಿದ್ದುದು ನರಿಗಳಿಂದ. 1978ರಲ್ಲಿ ಸ್ವಿಟ್ಜರ್ಲೆಂಡ್ ಕೋಳಿತಲೆಗಳೊಳಗೆ ಲಸಿಕೆ ಇಟ್ಟು ನರಿಗಳಿಗೆ ಉಣಿಸುವ ಪ್ರಯೋಗ ಆರಂಭಿಸಿತು. ಈ ವಿಧಾನ ಬೇರೆ ದೇಶಗಳಿಗೂ ಹಬ್ಬಿ ಪಶ್ಚಿಮ ಯುರೋಪಿನಲ್ಲಿ ರೇಬೀಸ್ ಹಿಮ್ಮೆಟ್ಟಿತು. 1998ರಲ್ಲಿ ಇಯಾನ್ ಕೆನಡಿ ನೇತೃತ್ವದ ಸಮಿತಿ ಕ್ವಾರಂಟೈನ್‌ಗೆ ಪರ್ಯಾಯ ಸೂಚಿಸಿತು. 2000ದ ಫೆಬ್ರವರಿ 28ರಂದು ಬ್ರಿಟನ್‌ನ ಹೊಸ ಯೋಜನೆ ಶುರುವಾಯಿತು. ಮೈಕ್ರೋಚಿಪ್, ಲಸಿಕೆ, ರಕ್ತಪರೀಕ್ಷೆ ಮೂರೂ ಕಡ್ಡಾಯ. ರಕ್ತದ ಮಾದರಿ ತೆಗೆದ ಮೇಲೆ ಆರು ತಿಂಗಳು ಕಾಯುವುದು ಆಗಲೂ ತಪ್ಪಲಿಲ್ಲ, ಆದರೆ ನಾಯಿ ತನ್ನ ಮನೆಯಲ್ಲೇ, ತನ್ನವರ ಜೊತೆಯಲ್ಲೇ ಆ ಕಾಲ ಕಳೆಯಬಹುದಿತ್ತು.

2004ರ ಜುಲೈಯಲ್ಲಿ ಐರೋಪ್ಯ ಒಕ್ಕೂಟದ ಸಮಾನ ಪಾಸ್‌ಪೋರ್ಟ್ ನಿಯಮ ಜಾರಿಗೆ ಬಂತು. ಅದರಲ್ಲಿ ಹೆಜ್ಜೆಗಳ ಕ್ರಮವೇ ಮುಖ್ಯ. ಚರ್ಮದಡಿ ಅಕ್ಕಿಕಾಳಿನಷ್ಟು ಗಾತ್ರದ, 15 ಅಂಕಿಗಳ ಚಿಪ್ ಮೊದಲು, ಲಸಿಕೆ ಆಮೇಲೆ. ತಿರುವುಮುರುವಾದರೆ ಆ ಲಸಿಕೆ ಲೆಕ್ಕಕ್ಕಿಲ್ಲ, ಏಕೆಂದರೆ ಚುಚ್ಚಿಸಿಕೊಂಡದ್ದು ಇದೇ ಪ್ರಾಣಿ ಎನ್ನಲು ಆಧಾರವಿಲ್ಲ. 2014ರ ಕೊನೆಯಿಂದ, ಲಸಿಕೆಯ ಚೀಟಿಯನ್ನು ಯಾರೂ ಬದಲಿಸದಂತೆ ಅದರ ಮೇಲೆ ಪಾರದರ್ಶಕ ಹಾಳೆ ಅಂಟಿಸುವ ಪದ್ಧತಿಯೂ ಸೇರಿತು. ಬ್ರೆಕ್ಸಿಟ್‌ನಿಂದಾಗಿ 2021ರ ಜನವರಿಯಿಂದ ಗ್ರೇಟ್ ಬ್ರಿಟನ್‌ನಲ್ಲಿ ಕೊಟ್ಟ ಪಾಸ್‌ಪೋರ್ಟ್‌ಗಳಿಗೆ ಒಕ್ಕೂಟದಲ್ಲಿ ಮಾನ್ಯತೆ ಹೋಯಿತು. ಅಲ್ಲಿಂದ ಹೊರಡುವವರು ಪ್ರತಿ ಪ್ರಯಾಣಕ್ಕೂ ಹೊಸ ಆರೋಗ್ಯ ಪ್ರಮಾಣಪತ್ರ ಮಾಡಿಸಬೇಕಾಯಿತು.

ಭಾರತದಿಂದ ಯುರೋಪಿಗೆ ಹೋಗುವ ನಾಯಿಗೆ ದಾರಿ ಇನ್ನೂ ಉದ್ದ. ಲಸಿಕೆ ಹಾಕಿಸಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆಸಬೇಕು. ಒಕ್ಕೂಟ ಒಪ್ಪಿದ ಪ್ರಯೋಗಾಲಯದಲ್ಲಿ ಪ್ರತಿಕಾಯ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಘಟಕಕ್ಕೆ ಕಡಿಮೆ ಇರಬಾರದು; ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಬೆಂಗಳೂರಿನಿಂದ ಬೆಕ್ಕನ್ನು ಜರ್ಮನಿಗೆ ಒಯ್ಯುವ ಮನೆಯವರು ಇದಕ್ಕೆ ತಿಂಗಳುಗಳ ಮೊದಲೇ ಸಿದ್ಧರಾಗಬೇಕು.

2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದಾಗ ಜನ ನಾಯಿ ಬೆಕ್ಕುಗಳನ್ನು ಎತ್ತಿಕೊಂಡೇ ಗಡಿ ದಾಟಿದರು. ಒಕ್ಕೂಟದ ದೇಶಗಳು ಕಾಗದಪತ್ರಗಳ ನಿಯಮ ಸಡಿಲಿಸಿದವು. ತಮ್ಮ ಸಾಕುಪ್ರಾಣಿಯನ್ನು ಬಿಟ್ಟುಬರಲೊಪ್ಪದ ಭಾರತೀಯರಿಗಾಗಿ ಭಾರತ ಸರ್ಕಾರವೂ ಒಮ್ಮೆಗೆ ಮಾತ್ರ ವಿನಾಯಿತಿ ಕೊಟ್ಟಿತು.