ಗಡಿನಾಡಿನ ಮನೆಗಳಿಗೆ ಬಂದ ವಯರಿಂಗಿನವರು

ಮನೆಗೆ ಕಸುಬುದಾರರು ಬಂದು ಹೋಗುವ ಕ್ರಮಕ್ಕೆ ನಮ್ಮ ಕಾಸರಗೋಡು ಸೀಮೆಯಲ್ಲಿ ಬಹಳ ಹಿಂದಿನಿಂದ ನಡೆದು ಬಂದ ಪದ್ಧತಿಯೊಂದುಂಟು. ಮಾಡು ಹೊದೆಸುವುದಕ್ಕೆ, ಬಾಗಿಲಿನ ದಾರಂದ ಕೂಡಿಸುವುದಕ್ಕೆ, ಕತ್ತಿಯ ಬಾಯಿ ಹದಮಾಡುವುದಕ್ಕೆ, ಗುಡ್ಡದಲ್ಲಿ ಸುರಂಗ ಕೊರೆದು ನೀರು ತರುವುದಕ್ಕೆ ಯಾರನ್ನು ಕರೆಯಬೇಕೆಂಬುದು ಅಜ್ಜನ ಕಾಲದಲ್ಲಿಯೇ ನಿಶ್ಚಯವಾಗಿರುತ್ತಿತ್ತು. ಅವರ ತಂದೆ ನಮ್ಮ ಅಜ್ಜನಿಗೆ ಕೆಲಸ ಮಾಡಿಕೊಟ್ಟವರು. ಅವರ ಮಗ ನಮ್ಮ ಮಕ್ಕಳಿಗೆ ಮಾಡಿಕೊಡತಕ್ಕವನು. ಕೈಯ ಗುಣವನ್ನು ಊರೇ ಬಲ್ಲುದಾದುದರಿಂದ ಪರಿಚಯಪತ್ರವನ್ನು ಕೇಳುವ ಪ್ರಸಂಗವೇ ಇರಲಿಲ್ಲ. ಕೆಲಸ ಕೆಟ್ಟರೆ ಬಾಗಿಲು ಕಿರುಗುಟ್ಟೀತು, ಮಾಡು ಸೋರೀತು. ಮರುದಿನ ಕರೆಸಿ ಸರಿಮಾಡಿಸಿದರಾಯಿತು.

ಕಳೆದ ಶತಮಾನದ ಉತ್ತರಾರ್ಧದಲ್ಲಿ ಈ ಸಾಲಿಗೆ ಹೊಸಬರೊಬ್ಬರು ಸೇರಿದರು. ಊರಿನವರು ಅವರನ್ನು ‘ಕರೆಂಟಿನವರು’ ಎಂದರು, ‘ವಯರಿಂಗಿನವರು’ ಎಂದರು. ಅವರ ಕೈಕೆಲಸದ ಒಳಹುರುಳು ಕಣ್ಣಿಗೆ ಕಾಣತಕ್ಕದ್ದಲ್ಲ. ಕೆಟ್ಟರೆ ಏನಾದೀತೆಂಬುದನ್ನು ಹೇಳಬಲ್ಲ ಅಜ್ಜನೂ ನಮಗಿರಲಿಲ್ಲ. ಆದರೂ ನಾವು ಅವರನ್ನು ಹಳೆಯ ಪದ್ಧತಿಯಂತೆಯೇ, ಏನನ್ನೂ ಕೇಳದೆ, ಮನೆಯೊಳಗೆ ಬರಮಾಡಿಕೊಂಡೆವು. ಕನ್ನಡ ಕಲಿಸುವುದನ್ನು ವೃತ್ತಿಯನ್ನಾಗಿ ಮಾಡಿಕೊಂಡ ನಾನು ವಿದ್ಯುಚ್ಛಾಸ್ತ್ರವನ್ನು ಓದಿದವನಲ್ಲ. ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿಯ ಸಲುವಾಗಿ ಈ ಕಸುಬಿನ ಪೂರ್ವಚರಿತ್ರೆಯನ್ನು ವಿಚಾರಿಸತೊಡಗಿದೆನು. ಅದರಿಂದ ತಿಳಿದುಬಂದುದನ್ನು ಇಲ್ಲಿ ಬರೆದಿದ್ದೇನೆ.

ಕನ್ನಡನಾಡಿಗೆ ವಿದ್ಯುತ್ತು ಬಲು ಬೇಗ ಬಂದಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ಯೋಜನೆಯು 1902ರ ಜೂನ್ ತಿಂಗಳಲ್ಲಿ ಫಲಿಸಿ, ಕಾವೇರಿಯ ಶಕ್ತಿಯು 92 ಮೈಲು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಆದರೆ ಅದು ಮೈಸೂರು ಸಂಸ್ಥಾನದ ಮಾತು. ನಾವಾದರೋ ಆಗ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತೆಂಕಣ ತುದಿಯಲ್ಲಿದ್ದವರು. ಮದರಾಸು ಸರಕಾರವು ನೀಲಗಿರಿಯ ಪೈಕಾರದಲ್ಲಿ ಜಲವಿದ್ಯುತ್ತನ್ನು ಉತ್ಪಾದಿಸಿದುದು 1932ರಲ್ಲಿ. ಅದು ಕೊಯಮುತ್ತೂರಿನ ಗಿರಣಿಗಳಿಗೆ ಹೋಯಿತಲ್ಲದೆ ನಮ್ಮ ಅಡಿಕೆ ತೋಟಗಳತ್ತ ಬರಲಿಲ್ಲ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತು. 1957ರ ಮಾರ್ಚ್ ತಿಂಗಳಲ್ಲಿ ಕೇರಳ ರಾಜ್ಯ ವಿದ್ಯುಚ್ಛಕ್ತಿ ಮಂಡಳಿಯು ಕಾರ್ಯಾರಂಭ ಮಾಡಿತು. ಮುಂದಿನ ವರ್ಷಗಳಲ್ಲಿ ತಂತಿಯ ಕಂಬಗಳು ಪೇಟೆಯಿಂದ ಹಳ್ಳಿಗೆ, ಹಳ್ಳಿಯ ಮಾರ್ಗದ ಬದಿಯಿಂದ ಗುಡ್ಡದ ಬುಡದ ಒಂಟಿ ಮನೆಗಳಿಗೆ ಮೆಲ್ಲಮೆಲ್ಲನೆ ನಡೆದು ಬಂದವು. ರಾಜ್ಯದ ಸಮಸ್ತ ಮನೆಗಳಿಗೂ ವಿದ್ಯುತ್ತು ಮುಟ್ಟಿತೆಂದು ಸರಕಾರವು ಸಾರಿದುದು 2017ರಲ್ಲಿ. ಶಿವನಸಮುದ್ರದಿಂದ ಎಣಿಸಿದರೆ ಇದು ಒಂದು ಶತಮಾನಕ್ಕೂ ಮಿಕ್ಕಿದ ಪ್ರಯಾಣ.

ಅದಕ್ಕೆ ಮೊದಲು ನಮ್ಮಲ್ಲಿದ್ದುದು ಚಿಮಿಣಿ ದೀಪ ಮತ್ತು ಲಾಟೀನು. ಮದುವೆಗೂ ಬಯಲಾಟಕ್ಕೂ ಗ್ಯಾಸ್‌ಲೈಟು. ಯಕ್ಷಗಾನವು ದೊಂದಿಯ ಬೆಳಕಿನಿಂದ ಗ್ಯಾಸ್‌ಲೈಟಿಗೂ, ಅಲ್ಲಿಂದ ವಿದ್ಯುದ್ದೀಪಕ್ಕೂ ಬಂದ ಬಗೆಯನ್ನು ಹಿರಿಯ ವಾಚಕರು ನನಗಿಂತ ಚೆನ್ನಾಗಿ ಬಲ್ಲರು. ಇಲ್ಲಿ ಹೇಳಬೇಕಾದುದು ಇಷ್ಟು: ನಾನು ಹಿರಿಯರಿಂದ ಕೇಳಿದ ಮಟ್ಟಿಗೆ ನಮ್ಮ ಊರುಗಳ ಮೊದಲ ವಯರಿಂಗಿನವರಲ್ಲಿ ಹಲವರು ಗ್ಯಾಸ್‌ಲೈಟು ಮತ್ತು ಮೈಕುಸೆಟ್ಟುಗಳನ್ನು ಬಾಡಿಗೆಗೆ ಕೊಡುತ್ತಿದ್ದ ಅಂಗಡಿಗಳಲ್ಲಿ ಪಳಗಿದವರು; ಕೆಲವರು ರೇಡಿಯೋ ರಿಪೇರಿಯವರು. ಆಮೇಲೆ, 1950ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಕುಶಲಕರ್ಮಿ ತರಬೇತಿಯ ಯೋಜನೆಯ ಮೂಲಕ ಐ.ಟಿ.ಐ.ಗಳಲ್ಲಿ ಕಲಿತ ತರುಣರು ಬಂದರು. ಎಪ್ಪತ್ತರ ದಶಕದ ತರುವಾಯ ಅವರಲ್ಲಿ ಎಷ್ಟೋ ಮಂದಿ ಕೊಲ್ಲಿ ರಾಜ್ಯಗಳಿಗೆ ಹೋದರು. ಊರಿನಲ್ಲಿ ಉಳಿದವರು ಬೆರಳೆಣಿಕೆಯವರು. ಅವರಿಗಾಗಿ ವಾರಗಟ್ಟಲೆ ಕಾಯಬೇಕಾಗುತ್ತಿತ್ತು. ಕಾಯಲಾರದವರು ಅವರ ಚೀಲ ಹೊತ್ತು ತಿರುಗಿದ ಹುಡುಗರನ್ನು ಕರೆಸಿಕೊಂಡರು.

ಹಳೆಯ ವಯರಿಂಗಿನ ಕೆಲಸವು ನೋಡಲು ಸುಂದರವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಸಾಗುವಾನಿಯ ಪಟ್ಟಿಯನ್ನು ಗೋಡೆಗೆ ಜಡಿದು, ಅದರ ಮೇಲೆ ತಂತಿಗಳನ್ನು ಸಾಲಾಗಿ ಎಳೆದು, ಗೇಣಿಗೂ ಕಡಿಮೆ ಅಂತರದಲ್ಲಿ ಸಣ್ಣ ಸಣ್ಣ ಲೋಹದ ಕ್ಲಿಪ್ಪುಗಳನ್ನು ಮಡಚುತ್ತಿದ್ದರು. ಮರದ ದುಂಡು ಗಟ್ಟಿಯ ಮೇಲೆ ಕರಿಯ ಸ್ವಿಚ್ಚು. ಜಗಲಿಯ ಗೋಡೆಯಲ್ಲಿ ಮೀಟರು. ಅದರ ಬಳಿಯಲ್ಲಿ ಬಿಳಿಯ ಪಿಂಗಾಣಿಯ ಫ್ಯೂಸು. ಮುರಕಲ್ಲಿನ ಗೋಡೆಗೆ ಮೊಳೆ ಹಿಡಿಯಬೇಕಾದರೆ ಮೊದಲು ಮರದ ಗೂಟವನ್ನು ಹೊಡೆಯಬೇಕು. ಒಂದು ಕೋಣೆಗೆ ಎರಡು ದಿನ ಹಿಡಿಯುತ್ತಿತ್ತು. ಆದರೆ ಈ ಅಂದದ ಕೆಲಸದಲ್ಲಿ ಒಂದು ಊನವಿರುತ್ತಿತ್ತು. ಬೆಳಕಿನ ತಂತಿಗಳ ಜೊತೆಗೆ ನೆಲಕ್ಕೆ ಹೋಗತಕ್ಕ ತಂತಿಯನ್ನು, ಎಂದರೆ ನಾವು ‘ಅರ್ತ್’ ಎನ್ನುವುದನ್ನು, ಖರ್ಚಿನ ದೃಷ್ಟಿಯಿಂದ ಬಿಟ್ಟುಬಿಡುತ್ತಿದ್ದುದುಂಟು. ಹಾಕಿದಲ್ಲಿಯೂ ಅದರ ಆರೈಕೆಯಿರಲಿಲ್ಲ. ನಮ್ಮ ಮುರಕಲ್ಲಿನ ನೆಲವು ಬೇಸಗೆಯಲ್ಲಿ ಒಣಗಿ ವಿದ್ಯುತ್ತನ್ನು ಹೀರಿಕೊಳ್ಳಲಾರದೆ ಹೋಗುತ್ತದೆ. ಇದ್ದಿಲು ಮತ್ತು ಉಪ್ಪು ತುಂಬಿದ ಗುಂಡಿಗೆ ಆಗಾಗ ನೀರು ಹೊಯ್ಯಬೇಕು. ತುಳಸಿಕಟ್ಟೆಗೆ ದಿನವೂ ನೀರೆರೆಯುವ ಮನೆಗಳಲ್ಲಿ ಈ ಗುಂಡಿಗೊಂದು ಕೊಡ ನೀರು ಹೊಯ್ದವರು ಎಷ್ಟು ಮಂದಿ?

ಇನ್ನು ಕಾಯಿದೆಯ ಮಾತು. ಭಾರತೀಯ ವಿದ್ಯುಚ್ಛಕ್ತಿ ಕಾಯಿದೆಯು ರಚಿತವಾದುದು 1910ರಲ್ಲಿ. ಅದರ ಅಡಿಯಲ್ಲಿ 1956ರಲ್ಲಿ ಮಾಡಿದ ನಿಯಮಾವಳಿಯ 45ನೆಯ ನಿಯಮವು ಮನೆಮನೆಗೂ ಸಂಬಂಧಪಟ್ಟುದು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಇದ್ದಂತೆಯೇ ಬದಲಿಸುವುದನ್ನು ಬಿಟ್ಟರೆ ಮಿಕ್ಕೆಲ್ಲ ಕೆಲಸವನ್ನು, ರಿಪೇರಿಯನ್ನು ಸಹ, ಲೈಸೆನ್ಸು ಪಡೆದ ಕಂತ್ರಾಟುದಾರರ ಮೂಲಕ, ಅರ್ಹತಾಪತ್ರವುಳ್ಳವರ ನೇರ ಮೇಲ್ವಿಚಾರಣೆಯಲ್ಲಿ, ಸರಕಾರದ ಪರ್ಮಿಟ್ಟು ಇರುವವರೇ ಮಾಡತಕ್ಕದ್ದೆಂದು ಅದು ವಿಧಿಸಿತು. 1910ರ ಕಾಯಿದೆ ಹೋಗಿ 2003ರ ಕಾಯಿದೆ ಬಂದರೂ, 2010ರಲ್ಲಿಯೂ 2023ರಲ್ಲಿಯೂ ಹೊಸ ಸುರಕ್ಷಾ ನಿಯಮಗಳು ಬಂದರೂ ಈ ತತ್ತ್ವವು ಅಳಿಯಲಿಲ್ಲ. ನಮ್ಮ ತಾಲೂಕು ರಾಜ್ಯ ಬದಲಿಸಿದ ವರ್ಷದ ನಿಯಮವೇ ಇದೆಂಬುದು ಗಮನಾರ್ಹ. ಗಡಿಯ ವಿಷಯವನ್ನು ನಾವು ಇಂದಿಗೂ ಮರೆತಿಲ್ಲ. ಈ ನಿಯಮವನ್ನು ಮಾತ್ರ ನಮ್ಮಲ್ಲಿ ಹೆಚ್ಚಿನವರು ಕೇಳಿಯೇ ಇರಲಿಲ್ಲ.

ನಮ್ಮ ತಂದೆಯವರೂ ಕೇಳಿರಲಿಲ್ಲ. 1994ರ ಬೇಸಗೆಯಲ್ಲಿ ತೋಟದ ಕೆರೆಯ ಪಂಪುಸೆಟ್ಟು ನಿಂತುಹೋಯಿತು. ಅಡಿಕೆ ಮರಗಳು ಬಾಡುತ್ತಿದ್ದವು. ಯಾವಾಗಲೂ ಬರುತ್ತಿದ್ದವರು ಊರಿನಲ್ಲಿರಲಿಲ್ಲ. ಒಬ್ಬ ತರುಣನು ಬಂದು ಒಂದು ಗಂಟೆಯೊಳಗೆ ಮೋಟಾರನ್ನು ನಡೆಯಿಸಿಕೊಟ್ಟನು. ಕೇಳಿದ ಮಜೂರಿಯೂ ಅಲ್ಪ. ಅಮ್ಮ ಅವನಿಗೆ ಊಟ ಬಡಿಸಿದಳು. ಶಾಲೆಗೆ ರಜೆಯಿದ್ದುದರಿಂದ ಇದೆಲ್ಲವನ್ನೂ ನಾನು ಕಣ್ಣಾರೆ ಕಂಡೆನು.

ಮೇ ತಿಂಗಳ ಕೊನೆಯಲ್ಲಿ ಮೊದಲ ಮಳೆ ಬಿದ್ದಿತು. ಮರುದಿನ ಬೆಳಿಗ್ಗೆ ಮದ್ದು ಬಿಡುವವರು ಅಡಿಕೆ ಮರವನ್ನೇರಿದ್ದರು. ಅಮ್ಮ ಹುಲ್ಲಿನ ಹೊರೆಯೊಂದಿಗೆ ತೋಟದಿಂದ ಬರುತ್ತಿದ್ದಳು. ಮುಂದೆ ನಮ್ಮ ಕೆಂಪು ಹಸು. ಪಂಪಿನ ಕೊಟ್ಟಿಗೆಯ ಬಳಿ ಕಬ್ಬಿಣದ ಕೊಳವೆಗೆ ಮೈ ತಾಗಿದ್ದೇ ತಡ, ಹಸು ಕೂಗಲೂ ಇಲ್ಲ, ಬಿದ್ದುಬಿಟ್ಟಿತು. ಅಮ್ಮ ಹೊರೆಯನ್ನು ಕೆಡವಿ ಓಡಿದಳು. “ಅಕ್ಕಾ, ಮುಟ್ಟಬೇಡಿ! ಕರೆಂಟು, ಕರೆಂಟು!” ಎಂದು ಮರದ ಮೇಲಿನಿಂದ ಕೂಗಿದವರ ಸ್ವರವು ಇನ್ನೂ ನನ್ನ ಕಿವಿಯಲ್ಲಿದೆ. ಹಸುವಿಗೂ ಅಮ್ಮನಿಗೂ ನಡುವೆ ಇದ್ದುದು ಹತ್ತು ಹೆಜ್ಜೆ. ತಂದೆಯವರು ಜಗಲಿಗೆ ಓಡಿ ಮೇನ್ ಸ್ವಿಚ್ಚನ್ನು ಕೆಳಗೆಳೆದರು.

ಎರಡು ದಿನಗಳ ಮೇಲೆ ಪರ್ಮಿಟ್ಟುಳ್ಳ ಹಿರಿಯರೊಬ್ಬರನ್ನು ದೂರದಿಂದ ಕರೆತಂದರು. ಅವರು ಸ್ಟಾರ್ಟರಿನ ಪೆಟ್ಟಿಗೆಯನ್ನು ಬಿಚ್ಚಿ ನೋಡಿ ತಂದೆಯವರನ್ನು ಹತ್ತಿರಕ್ಕೆ ಕರೆದರು. ಕರಗಿಹೋಗಿದ್ದ ತಂತಿಗೆ ಸೇರಿಸಲು ತುಂಡು ಸಾಲದೆ ಆ ತರುಣನು ಅರ್ತಿನ ತಾಮ್ರದ ತಂತಿಯನ್ನೇ ಕಡಿದು ಜೋಡಿಸಿದ್ದನು. ಪೆಟ್ಟಿಗೆಯೊಳಗೆ ನೀರಿಳಿದಾಗ ವಿದ್ಯುತ್ತಿಗೆ ನೆಲಕ್ಕೆ ಹೋಗಲು ದಾರಿಯಿಲ್ಲದೆ ಕೊಳವೆಯ ಮೈಗೆ ಏರಿ ಕುಳಿತಿತ್ತು. “ಹಾಗಾದರೆ ಫ್ಯೂಸು ಏಕೆ ಹೋಗಲಿಲ್ಲ?” ಎಂದು ತಂದೆಯವರು ಕೇಳಿದರು. ಫ್ಯೂಸು ಕರಗಬೇಕಾದರೆ ಹಲವು ಆಂಪಿಯರು ಬೇಕು, ಜೀವ ಹೋಗುವುದಕ್ಕೆ ಅದರ ನೂರರಲ್ಲೊಂದು ಪಾಲು ಸಾಕೆಂದು ಅವರು ಉತ್ತರಿಸಿದರು. ನೆಲಕ್ಕೆ ಸೋರುವ 30 ಮಿಲಿ ಆಂಪಿಯರನ್ನು ಕಂಡರೂ ಕ್ಷಣದೊಳಗೆ ಸಂಪರ್ಕವನ್ನು ಕಡಿದುಹಾಕುವ ಸಾಧನವನ್ನು ನಮ್ಮ ಮನೆಗೆ ಹಾಕಿಸಿದುದು ಆ ಬಳಿಕವೇ. ಇಂದು ಎಲ್ಲ ಪೇಟೆಗಳಲ್ಲಿಯೂ ಅದು ದೊರೆಯುತ್ತದೆ.

ತಂದೆಯವರು ಆ ತರುಣನನ್ನು ಎಂದೂ ಬಯ್ಯಲಿಲ್ಲ. “ಅವನಲ್ಲಿ ಪರ್ಮಿಟ್ಟು ಉಂಟೇ ಎಂದು ಕೇಳಬೇಕಿತ್ತು. ಕೇಳಿದರೆ ಬೇಸರ ಮಾಡಿಕೊಂಡಾನೆಂದು ಸುಮ್ಮನಾದೆ” ಎಂದಷ್ಟೇ ಹೇಳಿದರು. ಈ ಮಾತನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಆಚಾರಿಯನ್ನು ಕೇಳದಿರುವುದು ಸೌಜನ್ಯ, ಏಕೆಂದರೆ ಅವರ ಮೂರು ತಲೆಮಾರಿನ ಕೆಲಸ ನಮ್ಮ ಕಣ್ಣೆದುರಿಗಿದೆ. ಅದೇ ಸೌಜನ್ಯವನ್ನು ನಾವು ನಿನ್ನೆ ಹುಟ್ಟಿದ ಕಸುಬಿಗೂ ತೋರಿಸಿದೆವು.

ಕೇಳಲು ಇನ್ನೊಂದು ಅಡ್ಡಿಯೂ ಇದ್ದಿತು, ಅದು ಭಾಷೆಯದು. ಹೊಸ ಸಂಪರ್ಕಕ್ಕೆ ಕೊಡಬೇಕಾದ ಕಾಗದಗಳು ನಮ್ಮ ಮನೆಗೆ ಬಂದುದು ಇಂಗ್ಲಿಷಿನಲ್ಲಿ ಮತ್ತು ಮಲಯಾಳದಲ್ಲಿ. ತಂದೆಯವರು ತೋರಿಸಿದಲ್ಲಿ ರುಜು ಹಾಕಿದರು. ತಂತಿಗಳನ್ನೆಲ್ಲ ಪರೀಕ್ಷಿಸಲಾಗಿದೆಯೆಂದು ಅದರಲ್ಲಿ ಬರೆದಿತ್ತೆಂಬುದು ಅವರಿಗೆ ತಿಳಿದುದು ಹಸು ಸತ್ತ ಮೇಲೆ. 1969ರ ಕೇರಳದ ಅಧಿಕೃತ ಭಾಷಾ ಕಾಯಿದೆಯಂತೆ, ಭಾಷಾ ಅಲ್ಪಸಂಖ್ಯಾತರ ಪ್ರದೇಶವೆಂದು ಗೊತ್ತುಪಡಿಸಿದಲ್ಲಿ ಕನ್ನಡಿಗರು ಸ್ಥಳೀಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಬಹುದು, ಉತ್ತರವನ್ನೂ ಕನ್ನಡದಲ್ಲಿಯೇ ಪಡೆಯಬಹುದು. ಈ ಹಕ್ಕನ್ನು ನಾವು ಶಾಲೆಯ ವಿಷಯದಲ್ಲಿ ನೆನೆದಷ್ಟು ಮೀಟರಿನ ವಿಷಯದಲ್ಲಿ ನೆನೆದವರಲ್ಲ. ಭಾಷಾಶಾಸ್ತ್ರದ ಒಂದು ಸಣ್ಣ ವಿನೋದವನ್ನು ಇಲ್ಲಿ ಹೇಳಬಹುದು: ‘ಅಪಾಯ’ ಎಂಬ ಶಬ್ದವು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಅದೇ ಅರ್ಥವನ್ನು ಕೊಡುತ್ತದೆ, ಭೇದವಿರುವುದು ಲಿಪಿಯಲ್ಲಿ ಮತ್ತು ಶಬ್ದದ ಕೊನೆಯ ಧ್ವನಿಯಲ್ಲಿ ಮಾತ್ರ.

ಹಳ್ಳಿಗಳಲ್ಲಿ ಇಂದಿಗೂ ಕಾಣುವ ಇನ್ನೊಂದು ಗೊಂದಲವುಂಟು. ಲೈನ್‌ಮ್ಯಾನ್ ಬೇರೆ, ವಯರ್‌ಮ್ಯಾನ್ ಬೇರೆ. ಕಂಬದಿಂದ ಮೀಟರಿನವರೆಗಿನ ಭಾರವು ವಿದ್ಯುತ್ ಸಂಸ್ಥೆಯದು. ಮೀಟರಿನಿಂದ ಒಳಗಿನದು ಮನೆಯವರದು. ಮಳೆಗಾಲದ ರಾತ್ರಿಯಲ್ಲಿ ತೆಂಗಿನ ಮಡಲು ಬಿದ್ದು ತಂತಿ ಹರಿದರೆ ಯಾವ ವಯರಿಂಗಿನವರೂ ಅದಕ್ಕೆ ಕೈಹಾಕತಕ್ಕದ್ದಲ್ಲ. ದೂರವಿದ್ದು, ಮಕ್ಕಳನ್ನೂ ದನಗಳನ್ನೂ ತಡೆದು, 1912ಕ್ಕೆ ಫೋನು ಮಾಡಬೇಕು. ಒಳಗೆ ಗೋಡೆ ಜುಮ್ಮೆಂದರೆ, ಸ್ವಿಚ್ಚಿನಲ್ಲಿ ಕಿಡಿ ಹಾರಿದರೆ ಮೇನ್ ಸ್ವಿಚ್ಚನ್ನು ತೆಗೆದು ಬೆಳಗಾಗುವವರೆಗೆ ಹಣತೆಯ ಬೆಳಕಿನಲ್ಲಿ ಕುಳಿತಿದ್ದರೆ ನಷ್ಟವಿಲ್ಲ. ನಮ್ಮ ಅಜ್ಜಿ ಎಂಬತ್ತು ವರ್ಷ ಹಾಗೆಯೇ ಕುಳಿತಿದ್ದವಳು. ಈಚೆಗೆ ಅಡಿಕೆ ಕೊಯ್ಯಲು ಬಂದಿರುವ ಉದ್ದನೆಯ ದೋಟಿಗಳ ವಿಷಯದಲ್ಲಿಯೂ ಎಚ್ಚರ ಬೇಕು. ಅಲ್ಯೂಮಿನಿಯಂ ಮಾತ್ರವಲ್ಲ, ಕಾರ್ಬನ್ ಫೈಬರಿನದೂ ವಿದ್ಯುತ್ತನ್ನು ಹರಿಯಗೊಡುತ್ತದೆ.

ಕಳೆದ ವರ್ಷ ಮನೆಯ ಹಳೆಯ ತಂತಿಗಳನ್ನೆಲ್ಲ ತೆಗೆಸಿ ಹೊಸದಾಗಿ ವಯರಿಂಗು ಮಾಡಿಸಿದೆವು. ಬಂದವರು ಮಲಯಾಳ ಮಾತನಾಡುವ ಮಧ್ಯವಯಸ್ಸಿನ ಗೃಹಸ್ಥರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಜಗಲಿಯಿಂದ, “ನಿಮ್ಮ ಪರ್ಮಿಟ್ಟಿನ ಪುಸ್ತಕ ತೋರಿಸಿ ಮಗಾ” ಎಂದಳು. ಅವರು ನಗುತ್ತ ಚೀಲದಿಂದ ತೆಗೆದು ಅವಳ ಕೈಗೇ ಕೊಟ್ಟರು. ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ಕೆಲಸ ಮುಗಿದ ದಿನ ಅವರು ನನ್ನ ಮಗಳನ್ನು ಕರೆದು, ಅಜ್ಜಿಗೆ ಓದಲು ಬರುವಂತೆ ಪ್ರತಿಯೊಂದು ಸ್ವಿಚ್ಚಿನ ಕೆಳಗೂ ಕನ್ನಡದಲ್ಲಿ ಹೆಸರು ಬರೆಯಲು ಹೇಳಿದರು. ಅವಳು ಕಾಗದದ ಚೂರುಗಳಲ್ಲಿ ದೊಡ್ಡಕ್ಷರದಿಂದ ‘ಅಡಿಗೆಮನೆ’, ‘ಹಟ್ಟಿ’, ‘ಪಂಪು’ ಎಂದು ಬರೆದು ಅಂಟಿಸಿದಳು. ಅಮ್ಮ ಕನ್ನಡಕವನ್ನು ಹಾಕಿಕೊಂಡು ಒಂದೊಂದನ್ನೂ ಬೆರಳಿಟ್ಟು ಓದಿದಳು. ‘ಪಂಪು’ ಎಂಬಲ್ಲಿಗೆ ಬಂದಾಗ ಅವರತ್ತ ತಿರುಗಿ, “ಇದಕ್ಕೆ ಅರ್ತ್ ಉಂಟಷ್ಟೆ?” ಎಂದು ಕೇಳಿದಳು.