ವಾಲ್ಪೋಲನ ಎರಡು ಮನೆಗಳು



ಇಂಗ್ಲೆಂಡಿನ ಚರಿತ್ರೆಯನ್ನು ಬೋಧಿಸುವಾಗ ಸರ್ ರಾಬರ್ಟ್ ವಾಲ್ಪೋಲನನ್ನು ‘ಬ್ರಿಟನ್ನಿನ ಪ್ರಥಮ ಪ್ರಧಾನಮಂತ್ರಿ’ ಎಂಬ ಒಂದೇ ವಾಕ್ಯದಲ್ಲಿ ಮುಗಿಸಬೇಕಾಗುತ್ತಿತ್ತು. ಪಠ್ಯಕ್ರಮದಲ್ಲಿ ಅದಕ್ಕಿಂತ ಹೆಚ್ಚಿನ ಅವಕಾಶವಿರಲಿಲ್ಲ. ಆತನ ಹೆಸರಿನೊಡನೆ ಬೆಸೆದುಕೊಂಡಿರುವ ಎರಡು ಮನೆಗಳ ಕಥೆಯನ್ನು ಈಗ ನಿಮ್ಮ ಮುಂದಿಡಬಯಸುತ್ತೇನೆ.

ವಾಲ್ಪೋಲ್ ಹುಟ್ಟಿದ್ದು 1676ರಲ್ಲಿ, ನಾರ್ಫೋಕ್ ಪ್ರಾಂತದ ಹೌಟನ್ ಎಂಬ ಹಳ್ಳಿಯ ಜಮೀನ್ದಾರಿ ಮನೆತನದಲ್ಲಿ. 1701ರಲ್ಲಿ ಪಾರ್ಲಿಮೆಂಟನ್ನು ಪ್ರವೇಶಿಸಿದ ಆತ 1712ರಲ್ಲಿ ಭ್ರಷ್ಟಾಚಾರದ ಆರೋಪ ಹೊತ್ತು ಲಂಡನ್ ಟವರಿನಲ್ಲಿ ಸೆರೆವಾಸವನ್ನೂ ಅನುಭವಿಸಿದ. 1720ರಲ್ಲಿ ‘ಸೌತ್ ಸೀ’ ಕಂಪೆನಿಯ ಷೇರುಗಳು ಕುಸಿದು ಸಾವಿರಾರು ಕುಟುಂಬಗಳು ಬೀದಿಪಾಲಾದಾಗ, ಕಂಗೆಟ್ಟ ರಾಜ್ಯಕ್ಕೆ ಈತನೇ ಆಸರೆಯಾಗಿ ಕಂಡ. 1721ರಲ್ಲಿ ಖಜಾನೆಯ ಪ್ರಥಮಾಧಿಪತಿಯಾಗಿ, 1742ರವರೆಗೂ ಅಧಿಕಾರದಲ್ಲಿ ಉಳಿದ.

ಅಧಿಕಾರಕ್ಕೆ ಬಂದ ಮರುವರ್ಷವೇ, ಎಂದರೆ 1722ರಲ್ಲಿ, ಹುಟ್ಟೂರಿನಲ್ಲಿ ಹೊಸ ಅರಮನೆಯ ನಿರ್ಮಾಣ ಆರಂಭವಾಯಿತು. ಕಾಲಿನ್ ಕ್ಯಾಂಬೆಲ್, ಜೇಮ್ಸ್ ಗಿಬ್ಸ್ ಮುಂತಾದ ಶ್ರೇಷ್ಠ ವಾಸ್ತುಶಿಲ್ಪಿಗಳು ದುಡಿದರು. ಒಳಾಂಗಣವನ್ನು ವಿಲಿಯಂ ಕೆಂಟ್ ಅಲಂಕರಿಸಿದ. ರೆಂಬ್ರಾಂಟ್, ರೂಬೆನ್ಸ್, ವ್ಯಾನ್ ಡೈಕ್ ಮೊದಲಾದವರ ಕೃತಿಗಳು ಅಲ್ಲಿಗೆ ಬಂದು ಸೇರಿದವು. ಅರಮನೆಯ ಸುತ್ತ ವಿಶಾಲವಾದ ಉದ್ಯಾನ ಬೇಕಲ್ಲವೆ? ಅದಕ್ಕಾಗಿ ಹಳೆಯ ಹಳ್ಳಿಯನ್ನೇ ಕೆಡವಿ, ಉದ್ಯಾನದ ದ್ವಾರದ ಹೊರಗೆ ‘ನ್ಯೂ ಹೌಟನ್’ ಎಂದು ಮರಳಿ ಕಟ್ಟಿಸಲಾಯಿತು. ಊರ ಚರ್ಚು ಮಾತ್ರ ಇದ್ದಲ್ಲಿಯೇ ಉಳಿಯಿತು. ನೆಲ ಬಿಟ್ಟೆದ್ದ ಆ ಹಳ್ಳಿಗರ ಹೆಸರುಗಳು ನಮ್ಮ ಪಠ್ಯಪುಸ್ತಕಗಳಲ್ಲಿ ಬರಲಿಲ್ಲ.

ಇನ್ನೊಂದು ಮನೆ ಲಂಡನ್ನಿನದು. ದೊರೆ ಎರಡನೆಯ ಜಾರ್ಜ್ ಡೌನಿಂಗ್ ಬೀದಿಯ ಮನೆಯೊಂದನ್ನು ವಾಲ್ಪೋಲನಿಗೆ ಉಡುಗೊರೆಯಾಗಿ ಕೊಡಲು ಮುಂದಾದ. ವಾಲ್ಪೋಲ್ ಅದನ್ನು ಸ್ವಂತಕ್ಕೆ ಸ್ವೀಕರಿಸಲಿಲ್ಲ. ಖಜಾನೆಯ ಪ್ರಥಮಾಧಿಪತಿಯ ಪದವಿಗೆ ಅದು ಸಲ್ಲಲಿ ಎಂದ. 1735ರಲ್ಲಿ ಅಲ್ಲಿ ವಾಸಕ್ಕೆ ಬಂದ ಆತ, 1742ರಲ್ಲಿ ರಾಜೀನಾಮೆಯಿತ್ತಾಗ ತೆರವು ಮಾಡಿ ಹೊರಟ. ಅದು ನಿಃಸ್ಪೃಹತೆಯೋ ರಾಜಕೀಯ ಜಾಣ್ಮೆಯೋ, ನಿರ್ಣಯಿಸುವುದು ಕಠಿಣ.

‘ಮನೆ ಕಟ್ಟಿ ನೋಡು’ ಎಂಬ ನಮ್ಮ ಗಾದೆ ಹೌಟನ್ನಿಗೂ ಸಲ್ಲುತ್ತದೆ. ಆರ್ಫರ್ಡಿನ ಅರ್ಲ್ ಎಂಬ ಬಿರುದು ಪಡೆದಿದ್ದ ವಾಲ್ಪೋಲ್ 1745ರಲ್ಲಿ ತೀರಿಕೊಂಡಾಗ ಭಾರೀ ಸಾಲವನ್ನು ಬಿಟ್ಟುಹೋದ. ಚಿತ್ರಗಳನ್ನು ರಾಷ್ಟ್ರಕ್ಕಾಗಿ ಕೊಳ್ಳಬೇಕೆಂದು ಜಾನ್ ವಿಲ್ಕ್ಸ್ 1777ರಲ್ಲಿ ಪಾರ್ಲಿಮೆಂಟಿನಲ್ಲಿ ವಾದಿಸಿದ, ಫಲವಾಗಲಿಲ್ಲ. 1779ರಲ್ಲಿ ಮೊಮ್ಮಗ ಜಾರ್ಜ್ ಇನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ರಷ್ಯಾದ ಮಹಾರಾಣಿ ಕ್ಯಾಥರೀನಳಿಗೆ 40,000 ಪೌಂಡುಗಳಿಗೂ ಮಿಕ್ಕ ಬೆಲೆಗೆ ಮಾರಿದ. 2013ರಲ್ಲಿ ಅವುಗಳಲ್ಲಿ ಸುಮಾರು 70 ಕೃತಿಗಳು ಹೌಟನ್ನಿಗೆ ಮರಳಿ ಬಂದವು. ಆದರೆ ಎರವಲಾಗಿ, ಪ್ರದರ್ಶನವೊಂದರ ಕೆಲವು ತಿಂಗಳುಗಳ ಮಟ್ಟಿಗೆ.

ವಂಶದ ಕೀರ್ತಿಗೆಂದು ಕಟ್ಟಿದ ಮನೆಯ ಸಿರಿ ಎರಡೇ ತಲೆಮಾರಿನಲ್ಲಿ ಕರಗಿತು. ಪದವಿಗೆಂದು ಬಿಟ್ಟುಕೊಟ್ಟ ಮನೆ, ‘ನಂಬರ್ 10’ ಎಂದು ಜಗತ್ತೇ ಅರಿತಿರುವ ಆ ನಿವಾಸ, ಇಂದಿಗೂ ಬ್ರಿಟನ್ನಿನ ಪ್ರಧಾನಿಗಳ ಅಧಿಕೃತ ನಿವಾಸವಾಗಿದೆ. ನಿಮ್ಮಲ್ಲಿ ಹಲವರು ಇಂದು ಸರ್ಕಾರಿ ಹುದ್ದೆಗಳಲ್ಲಿದ್ದೀರಿ, ಸರ್ಕಾರಿ ವಸತಿಗೃಹಗಳಲ್ಲಿ ವಾಸವಾಗಿದ್ದೀರಿ. ಬೀಗದ ಕೈ ಹಿಂದಿರುಗಿಸುವ ದಿನ ಪ್ರತಿಯೊಬ್ಬರಿಗೂ ಬಂದೇ ಬರುತ್ತದೆ. ಅದನ್ನು ಮೊದಲೇ ಬಲ್ಲವನು ಹಗುರವಾಗಿ ಹೊರಟಾನು.