ಕಾದ ಲೋಹದ ಹದ: ವಿರೂಪಣೆಯ ಅಧ್ಯಯನ ಸಾಗಿಬಂದ ದಾರಿ

ವಿರೂಪಣೆ, ಅಂದರೆ ಬಲ ಬಿದ್ದ ವಸ್ತುವಿನ ಆಕಾರ ಬದಲಾಗುವುದು. ಅದು ಏನೆಂದು ಇಂದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೇಳಿದರೆ ಕಂಪ್ಯೂಟರ್ ಪರದೆಯ ಮೇಲೆ ಕೆಂಪಾಗಿ ಕಾಣುವ ಜಾಗವನ್ನು ತೋರಿಸುತ್ತಾರೆ. ಕೆಂಪೆಂದರೆ ಅಪಾಯ. ಸೇತುವೆ ಕಟ್ಟುವವರಿಗೆ ಅದು ಸರಿಯೇ. ಆದರೆ ಫೋರ್ಜಿಂಗ್ ಮಾಡುವವರಿಗೆ ವಿರೂಪಣೆಯೇ ಕಸುಬು. ಬಡಿದು, ಒತ್ತಿ, ಎಳೆದು ಆಕಾರ ಕೊಡುವಾಗಲೇ ಲೋಹದೊಳಗಿನ ಹರಳುಗಳ ರಚನೆಯೂ ಬದಲಾಗುತ್ತದೆ. ಆ ಭಾಗ ಮುಂದೆ ಎಷ್ಟು ಬಾಳಿಕೆ ಬಂದೀತು ಎಂಬುದು ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗುತ್ತದೆ.

ಆರಂಭದ ಕಥೆ ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಸ್ಪ್ರಿಂಗು ಭಾರಕ್ಕೆ ತಕ್ಕಷ್ಟೇ ಹಿಗ್ಗುತ್ತದೆ ಎಂದು 1678ರಲ್ಲಿ ಹುಕ್ ಹೇಳಿದ. ಮರಳಿ ಮೊದಲಿನ ಆಕಾರಕ್ಕೆ ಬಾರದಂತೆ ಲೋಹ ಯಾವಾಗ ಹರಿಯತೊಡಗುತ್ತದೆ ಎಂಬುದಕ್ಕೆ 1864ರಲ್ಲಿ ಟ್ರೆಸ್ಕಾ, 1913ರಲ್ಲಿ ಫಾನ್ ಮಿಸೆಸ್ ಸೂತ್ರ ಕೊಟ್ಟರು. ಏಕೆ ಹರಿಯುತ್ತದೆ ಎಂಬುದು ಮಾತ್ರ ಒಗಟಾಗಿಯೇ ಉಳಿಯಿತು. ಪರಮಾಣುಗಳ ಪದರ ಇಡಿಯಾಗಿ ಜಾರಲು ಬೇಕಾದ ಬಲವನ್ನು 1926ರಲ್ಲಿ ಫ್ರೆಂಕೆಲ್ ಲೆಕ್ಕಹಾಕಿದ. ಮೆದು ಹರಳುಗಳಲ್ಲಿ ಅಳೆದದ್ದು ಅದರ ಸಾವಿರದಲ್ಲೊಂದು ಪಾಲೂ ಇರಲಿಲ್ಲ. 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಬೇರೆಬೇರೆಯಾಗಿಯೇ ಉತ್ತರ ಕಂಡುಕೊಂಡರು: ಪದರ ಒಟ್ಟಿಗೆ ಜಾರುವುದಿಲ್ಲ, ಡಿಸ್ಲೊಕೇಷನ್ ಎಂಬ ದೋಷರೇಖೆ ಸಾಲು ಸಾಲಾಗಿ ದಾಟುತ್ತ ಸಾಗುತ್ತದೆ. 1956ರಲ್ಲಿ ಕೇಂಬ್ರಿಜ್‌ನ ಹಿರ್ಷ್ ಮತ್ತು ಸಂಗಡಿಗರು ಅದು ಅಲ್ಯುಮಿನಿಯಂ ಹಾಳೆಯಲ್ಲಿ ಓಡಾಡುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿಯೂಬಿಟ್ಟರು.

ಈ ದೋಷರೇಖೆಗಳ ಪ್ರಭಾವವನ್ನು ಕೈಯಲ್ಲೇ ನೋಡಬೇಕೆಂದರೆ, ಕೆಂಪಗೆ ಕಾಯಿಸಿ ಆರಿಸಿದ ದಪ್ಪ ತಾಮ್ರದ ಕಂಬಿ ಸಾಕು. ಮೊದಲ ಸಲ ಹೇಳಿದಂತೆ ಬಗ್ಗುತ್ತದೆ. ನೆಟ್ಟಗೆ ಮಾಡಹೋದರೆ ಮೊಂಡು ಹಿಡಿಯುತ್ತದೆ. ಬಗ್ಗಿದ ಜಾಗದಲ್ಲಿ ದೋಷರೇಖೆಗಳು ವಿಪರೀತ ಹೆಚ್ಚಿ ಒಂದಕ್ಕೊಂದು ಅಡ್ಡಗಟ್ಟಿರುತ್ತವೆ.

ಬಿಸಿಯಲ್ಲಿ ಲೆಕ್ಕವೇ ಬೇರೆ. ರೇಖೆಗಳು ಹುಟ್ಟುತ್ತಿದ್ದಂತೆಯೇ ಅಳಿಯುತ್ತವೆ, ಹಳೆಯ ಹರಳುಗಳನ್ನು ನುಂಗಿ ಹೊಸವು ಬೆಳೆಯುತ್ತವೆ. ಎಷ್ಟು ಕಾಯಿಸಬೇಕು, ಎಷ್ಟು ಬೇಗ ಬಡಿಯಬೇಕು ಎಂಬ ಕಮ್ಮಾರರ ಹದಕ್ಕೆ ನಕ್ಷೆ ಬರೆಯುವ ಕೆಲಸವನ್ನು 1981ರಲ್ಲಿ ರಿಷಿ ರಾಜ್ ಶುರುಮಾಡಿದರು. ಅವರ ವಿಧಾನ ಸರಳ ಲೋಹಗಳಿಗೆ ಒಗ್ಗುವಂಥದು. ಕಾರ್ಖಾನೆಗೆ ಬೇಕಾದದ್ದು ಮಿಶ್ರಲೋಹಗಳ ನಕ್ಷೆ. ಅದು ಬಂದದ್ದು 1984ರಲ್ಲಿ, ವೈ.ವಿ.ಆರ್.ಕೆ. ಪ್ರಸಾದ್ ಅಮೆರಿಕದ ಗೆಗೆಲ್ ಮೊದಲಾದವರೊಡನೆ ಟೈಟೇನಿಯಂ ಮಿಶ್ರಲೋಹದ ಬಗ್ಗೆ ಬರೆದ ಲೇಖನದಿಂದ. ಬೆಳೆದದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಹೆಬ್ಬೆರಳ ತುದಿಯಷ್ಟಿರುವ ಲೋಹದ ಸಿಲಿಂಡರುಗಳನ್ನು ಹಲವು ಉಷ್ಣತೆಗಳಲ್ಲಿ, ನಿಧಾನದಿಂದ ಹಿಡಿದು ಲಕ್ಷ ಪಟ್ಟು ಹೆಚ್ಚು ವೇಗದವರೆಗೆ ಒತ್ತಿ, ತಕ್ಷಣ ನೀರಿಗೆ ಹಾಕುವುದು. ಆಮೇಲೆ ಪೀಪಾಯಿಯಂತೆ ಉಬ್ಬಿದ ತುಂಡನ್ನು ಉದ್ದಕ್ಕೆ ಸೀಳಿ, ಪಾಲಿಶ್ ಮಾಡಿ, ಆಮ್ಲ ಹಚ್ಚಿ ನೋಡುವುದು. ಒಂದರಲ್ಲಿ ಸಮನಾದ ಸಣ್ಣ ಹರಳುಗಳು. ಇನ್ನೊಂದರಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಹಾದ ಪಟ್ಟಿ, ಅದರ ಗುಂಟ ಬಿರುಕು. ನಕ್ಷೆಯಲ್ಲಿ ಮೊದಲನೆಯದು ಒಳ್ಳೆಯ ಹದ, ಎರಡನೆಯದು ತಪ್ಪಿಸಬೇಕಾದ ಜಾಗ. ಪ್ರಸಾದ್ ಮತ್ತು ಶಶಿಧರ 1997ರಲ್ಲಿ ಇಂಥ ನಕ್ಷೆಗಳನ್ನು ದೊಡ್ಡ ಸಂಪುಟವಾಗಿ ತಂದರು.

ಒತ್ತುವಾಗ ಸಿಕ್ಕ ಅಂಕಿಗಳಿಂದ ನಕ್ಷೆ ಲೆಕ್ಕಹಾಕುವ ಈ ವಿಧಾನದ ಸೈದ್ಧಾಂತಿಕ ತಳಹದಿಯನ್ನು 1996ರಲ್ಲಿ ಮಾಂತೆಯೆ, ಜೋನಾಸ್, ನೀಲ್ ಪ್ರಶ್ನಿಸಿದರು. ಆಕ್ಷೇಪಕ್ಕೆ ತೂಕವಿದೆ. ಆದರೆ ಸೀಳಿದ ಸಿಲಿಂಡರಿನಲ್ಲಿ ಕಂಡ ಬಿರುಕನ್ನು ಅದು ಅಳಿಸಲಾರದು.

ಈಗ ನಕ್ಷೆಗಳಿಗೆ ಬರವಿಲ್ಲ. ಒತ್ತುವ ಯಂತ್ರ ಕೊಟ್ಟ ಅಂಕಿಗಳನ್ನು ಸಾಫ್ಟ್‌ವೇರಿಗೆ ಉಣಿಸಿದರೆ ಸಂಜೆಯೊಳಗೆ ಬಣ್ಣಬಣ್ಣದ ಚಿತ್ರ ಸಿದ್ಧ. ಸೀಳಿ ನೋಡುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಹೆಚ್ಚಿನ ನಕ್ಷೆಗಳು ಪ್ರತಿ ತುಂಡನ್ನೂ ಒಂದೇ ವೇಗದಲ್ಲಿ, ಒಂದೇ ಸಲ ಒತ್ತಿ ಪಡೆದವು. ರೋಲಿಂಗ್ ಮಿಲ್ಲಿನಲ್ಲಾದರೋ ಲೋಹ ಉರುಳೆಗಳ ನಡುವೆ ಹಲವು ಬಾರಿ ಹಾಯುತ್ತದೆ. ಎರಡು ಸುತ್ತುಗಳ ನಡುವಿನ ಬಿಡುವಿನಲ್ಲಿ ಅರೆಬರೆ ಚೇತರಿಸಿಕೊಂಡು, ತುಸು ತಣಿದು, ಬೇರೆಯೇ ಲೋಹವಾಗಿ ಮುಂದಿನ ಸುತ್ತಿಗೆ ಬರುತ್ತದೆ. ಉಕ್ಕಿನ ಮಟ್ಟಿಗೆ ಬಿಡುವು ಕೊಟ್ಟು ಎರಡು ಬಾರಿ ಒತ್ತುವ ಪರೀಕ್ಷೆ ರೂಢಿಯಲ್ಲಿದೆ. ಟೈಟೇನಿಯಂ, ಮೆಗ್ನೀಸಿಯಂ ಮಿಶ್ರಲೋಹಗಳಲ್ಲಿ ಇಂಥ ಕೆಲಸ ಇನ್ನೂ ತೆಳು. ಅದಕ್ಕೆ ಬೇಕಾದದ್ದು ಒಳ್ಳೆಯ ಕುಲುಮೆ, ಕ್ಷಣ ತಪ್ಪದೆ ತುಂಡನ್ನು ನೀರಿಗೆ ಹಾಕಬಲ್ಲ ನುರಿತ ತಂತ್ರಜ್ಞ, ಮತ್ತು ಇವೆರಡನ್ನೂ ವರ್ಷಗಟ್ಟಲೆ ಉಳಿಸಿಕೊಳ್ಳಬಲ್ಲ ಪ್ರಯೋಗಾಲಯ. ಯೋಜನೆಯ ಹಣ ಬಂದಾಗ ಮೊದಲು ನವೀಕರಣವಾಗುವುದು ಸಾಫ್ಟ್‌ವೇರ್ ಪರವಾನಗಿ.